ನಿಜವಾದ ಬೆಲ್ಲ

ಕಡಲೆಬೇಳೆ ಹದವಾಗಿ ಬೆಂದಿತ್ತು. ಒಂದು ಕಾಳನ್ನು ಬೆರಳುಗಳ ನಡುವೆ ಇಟ್ಟು ಒತ್ತಿದರೆ ಮಣಿಯಬೇಕು, ಕರಗಿಹೋಗಬಾರದು. ರೋಹಿಣಿ ಒತ್ತಿದಳು, ಮಣಿಯಿತು. ಸರಿಯಾಗಿದೆ ಎಂದು ಗೊತ್ತಾದ ಮೇಲೂ ಇನ್ನೊಂದು ಕಾಳನ್ನು ಒತ್ತಿದಳು, ಆಮೇಲೆ ಮತ್ತೊಂದನ್ನು. ಕಟ್ಟು ಬಸಿದದ್ದಾಯಿತು, ಬೇಳೆಯನ್ನು ತಟ್ಟೆಗೆ ಹರಡಿದ್ದಾಯಿತು, ಕಣಕಕ್ಕೆ ಎಣ್ಣೆ ಹಚ್ಚಿ ಮುಚ್ಚಿಟ್ಟದ್ದೂ ಆಯಿತು. ಇನ್ನು ಉಳಿದದ್ದು ಕಟ್ಟೆಯ ಮೂಲೆಯಲ್ಲಿ ಹಿಂದಿ ಪೇಪರಿನಲ್ಲಿ ಸುತ್ತಿಟ್ಟ ಬೆಲ್ಲವನ್ನು ಬಿಚ್ಚುವ ಕೆಲಸ ಮಾತ್ರ. ಬೆಳಿಗ್ಗೆ ಗಂಡ ಹರ್ಷವರ್ಧನ ಕಾಶಿಯ ಕಂಟೋನ್ಮೆಂಟಿನ ಬ್ಯಾಂಕಿಗೆ ಹೊರಟ ಕೂಡಲೇ ಸೋನಾರ್‌ಪುರಾದ ಮೂಲೆಯಂಗಡಿಗೆ ಹೋಗಿ ತಂದದ್ದು. ಅಂಗಡಿಯವನು ತೂಗುತ್ತ ತಲೆಯೆತ್ತಿ, "ಆಪ್ ಕೇ ಘರ್ ಮೇಂ ಗುಡ್, ಭಾಭೀಜಿ?" ಎಂದು, ನಿಮ್ಮ ಮನೆಗೂ ಬೆಲ್ಲವೇ ಎನ್ನುವ ಹಾಗೆ ಕೇಳಿದ್ದ. ಸಕ್ಕರೆ ಕಾಯಿಲೆಯವರ ಸಿಹಿಪುಡಿಯ ಡಬ್ಬಿಗಳನ್ನು ಮೂರು ವರ್ಷದಿಂದ ಅವಳೊಬ್ಬಳಿಗಾಗಿಯೇ ತರಿಸುತ್ತಿದ್ದವನು ಅವನು. "ಪೂಜಾ ಕೇ ಲಿಯೇ" ಎಂದು ಅವಳು ಸುಳ್ಳು ಹೇಳಿದಳು. ಅವನು ಕೇಳಿದ್ದು ಬರೀ ಲೋಕಾಭಿರಾಮಕ್ಕೆ, ಅದಕ್ಕೆ ಅಷ್ಟು ಬೆವರುವ ಅಗತ್ಯವಿರಲಿಲ್ಲ. ಪೊಟ್ಟಣವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತ ಒಳಗೆ ಬಂದಾಗ ಅತ್ತೆ ಪದ್ಮಮ್ಮ ಮಂಚದಿಂದಲೇ, "ಸಿಕ್ತಾ?" ಎಂದು ಕೇಳಿದ್ದರು. ಅಷ್ಟೇ. ಮಗನಿಗೆ ಕಾಣದ ಹಾಗೆ ಏನನ್ನೋ ತರಿಸಿಕೊಳ್ಳುವ ಮುದುಕಿಯ ಗುಟ್ಟಾಗಲಿ ಆತುರವಾಗಲಿ ಆ ದನಿಯಲ್ಲಿರಲಿಲ್ಲ. ಹಾಲು ಬಂತಾ ಎಂದು ಕೇಳಿದ ಹಾಗಿತ್ತು.

ನಿನ್ನೆ ಸಂಜೆ ದೀಪ ಹಚ್ಚಿದ ಮೇಲೆ ಅವರು ಅವಳನ್ನು ಹತ್ತಿರ ಕರೆದು ಕೂರಿಸಿಕೊಂಡಿದ್ದರು. ಹಾಗೆ ಕರೆದು ಕೂರಿಸಿಕೊಂಡದ್ದು ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಸಲ ಎಂದು ಒಂದು ಕೈಯ ಬೆರಳಲ್ಲಿ ಹೇಳಬಹುದು. "ನಾಳೆ ಒಬ್ಬಟ್ಟು ಮಾಡು" ಎಂದರು. ಮಾಡ್ತೀನಿ ಅತ್ತೆ ಎಂದಳು. "ನಿನ್ನ ಒಬ್ಬಟ್ಟಲ್ಲ. ಬೆಲ್ಲದ್ದು. ನಾಳೆ, ನಾಡಿದ್ದು, ಶನಿವಾರದ ತನಕ ದಿನಾ ಮಾಡು. ಆ ಇನ್ಸುಲಿನ್ ಸೂಜಿನೂ ಬೇಡ ಇನ್ನು. ಹರ್ಷನಿಗೆ ಹೇಳಬೇಡ." ಅವಳು ಅರ್ಥವಾಗದವಳ ಹಾಗೆ ಯಾಕೆ ಎಂದು ಕೇಳಿದಳು. ಅರ್ಥವಾಗಿತ್ತು. ಹೋದ ವಾರ ಹರ್ಷನಿಗೆ ದಾವಣಗೆರೆಗೆ ವರ್ಗದ ಆರ್ಡರು ಬಂದಾಗಲೇ, ಅವನು ಕುಣಿಯುವುದೊಂದು ಬಾಕಿ ಎನ್ನುವ ಹಾಗೆ ಫೋನಿನ ಮೇಲೆ ಫೋನು ಮಾಡುತ್ತಿದ್ದಾಗಲೇ, ಒಳಗಿನ ಮಂಚದ ಮೇಲೆ ಎದ್ದು ಕೂತು ಗೋಡೆ ನೋಡುತ್ತಿದ್ದ ಆ ಬೆನ್ನು ಕಂಡು ಅವಳಿಗೆ ಅರ್ಥವಾಗಿತ್ತು. ಭಾನುವಾರಕ್ಕೆ ಟಿಕೆಟ್ಟು. ಇವತ್ತು ಮಂಗಳವಾರ. "ಯಾಕೆ ಅಂತ ನಿನಗೆ ಗೊತ್ತು" ಎಂದರು ಪದ್ಮಮ್ಮ. "ಅವತ್ತು ನೀನು ಒಂದು ಅರ್ಧ ಗಂಟೆ ಸುಮ್ಮನಿದ್ದಿದ್ರೆ ನನ್ನ ಕೆಲಸ ಮುಗಿದುಹೋಗಿರೋದು. ನೀನು ಕೆಡಿಸಿದ್ದನ್ನ ನೀನೇ ಸರಿ ಮಾಡು." ಅವತ್ತು ಎಂದರೆ ಯಾವತ್ತೆಂದು ರೋಹಿಣಿಗೆ ಗೊತ್ತಿತ್ತು. ಆಗಲಿ ಅತ್ತೆ ಎಂದು ತನ್ನ ಬಾಯಿಂದಲೇ ಬಂದದ್ದನ್ನು ಕೇಳಿ ಎದ್ದು ಬಂದು ಕುಕ್ಕರಿಗೆ ಅಕ್ಕಿ ಹಾಕಿದಳು.

ಪದ್ಮಮ್ಮ ಕಾಶಿಗೆ ಬಂದದ್ದು ಮಗನ ಜೊತೆ ಇರುವುದಕ್ಕಲ್ಲ, ಸಾಯುವುದಕ್ಕೆ. ಇದನ್ನು ಅವರು ಮುಚ್ಚಿಡಲೂ ಇಲ್ಲ. ಹರ್ಷನಿಗೆ ಇಲ್ಲಿಗೆ ವರ್ಗವಾದಾಗ ಅವನು ಅಯ್ಯೋ ಎಂದು ತಲೆಮೇಲೆ ಕೈ ಹೊತ್ತರೆ ಅವರು ದೇವರ ಮುಂದೆ ತುಪ್ಪದ ದೀಪ ಹಚ್ಚಿದ್ದರು. ಬ್ಯಾಂಕಿನವರು ವರುಣಾ ನದಿಯ ಆಚೆ ಒಳ್ಳೆ ಕ್ವಾರ್ಟರ್ಸು ಕೊಡುತ್ತೇವೆಂದರು. ವರುಣಾದ ಆಚೆ ಕಾಶಿಯಲ್ಲ, ಅಲ್ಲಿ ಸತ್ತರೆ ದಾವಣಗೆರೆಯಲ್ಲಿ ಸತ್ತ ಹಾಗೇ ಎಂದು ಅವರು ಹಟ ಹಿಡಿದರು. ಅದಕ್ಕೇ ಈ ಸೋನಾರ್‌ಪುರಾದ ಮೂರನೇ ಮಹಡಿ, ಈ ಕಡಿದಾದ ಮೆಟ್ಟಿಲು, ಬಾಲ್ಕನಿಯಲ್ಲಿ ಕೋತಿಗಳು, ಗಾಳಿ ತಿರುಗಿದ ದಿನ ಹರಿಶ್ಚಂದ್ರ ಘಾಟಿನ ಹೊಗೆ. ಸಕ್ಕರೆ ಕಾಯಿಲೆಯ ಡಾಕ್ಟರು ಇರುವುದು ಲಂಕಾ ಬಡಾವಣೆಯಲ್ಲಿ, ಅಂದರೆ ಅಸ್ಸಿ ನಾಲೆಯ ದಕ್ಷಿಣಕ್ಕೆ, ಅದೂ ಕಾಶಿಯ ಹೊರಗೇ. ಮೂರು ತಿಂಗಳಿಗೊಮ್ಮೆ ಹೋಗುವಾಗ ಆಟೊ ಅಸ್ಸಿ ನಾಲೆ ದಾಟುವವರೆಗೂ ನೆಟ್ಟಗೆ ಕೂತಿರುತ್ತಿದ್ದ ಪದ್ಮಮ್ಮ, ದಾಟಿದ ಕೂಡಲೇ ಎರಡೂ ಕೈಯಲ್ಲಿ ಕಂಬಿ ಹಿಡಿದು, ಬೇಗ ನೋಡಿಸಿಕೊಂಡು ಬೇಗ ವಾಪಸು ಹೋಗೋಣ, ಇಲ್ಲಿ ಏನಾದರೂ ಆಗಿಬಿಟ್ಟೀತು ಎಂದು ಗೊಣಗುತ್ತಿದ್ದರು. ಡಾಕ್ಟರ ಹತ್ತಿರ ಹೋಗಲು ಹೆದರುವವರು ಬೇಕಾದಷ್ಟು ಜನ ಇದ್ದಾರೆ. ಡಾಕ್ಟರು ಇರುವ ಬೀದಿಯಲ್ಲಿ ಸಾಯಲು ಹೆದರುವವರು ಇವರೊಬ್ಬರೇ ಎಂದು ಹರ್ಷ ನಗುತ್ತಿದ್ದ. ಅವನಿಗೆ ಎಲ್ಲವೂ ನಗು. ಕೇದಾರ ಘಾಟಿನ ಹತ್ತಿರ ಒಂಟಿ ಕೋಣೆಯಲ್ಲಿ ಕಾಶೀವಾಸಕ್ಕಿದ್ದ ತುರುವೇಕೆರೆಯ ಅನಂತಲಕ್ಷ್ಮಮ್ಮ ಹೋದ ಕಾರ್ತೀಕದಲ್ಲಿ ಹೋಗಿಬಿಟ್ಟರು. ಅವರಿಗೂ ಸಕ್ಕರೆ ಕಾಯಿಲೆ. ಮಾತ್ರೆಗಳನ್ನು ಗಂಗೆಗೆ ಹಾಕಿ ದಿನಾ ಎರಡು ಲಡ್ಡು ತಿಂದರಂತೆ, ವಾರ ತುಂಬಲಿಲ್ಲವಂತೆ. ನಿಜವೋ ಸುಳ್ಳೋ ಯಾರು ಕಂಡರು. ಆ ಸುದ್ದಿ ಬಂದ ದಿನ ಪದ್ಮಮ್ಮ ಊಟ ಬಿಟ್ಟದ್ದು ದುಃಖಕ್ಕಲ್ಲ ಎಂದು ರೋಹಿಣಿಗೆ ಚೆನ್ನಾಗಿ ಗೊತ್ತಿತ್ತು. "ಅವಳು ಗೆದ್ದಳು" ಎಂದಿದ್ದರು, ಅನ್ನ ಕಲಸಿದ ಕೈಯನ್ನು ತಟ್ಟೆಯಲ್ಲೇ ಬಿಟ್ಟು. "ಅವಳಿಗೆ ಸೊಸೆ ಇರಲಿಲ್ಲ."

ಬೆಲ್ಲದ ಪೇಪರು ಅಂಟಿಕೊಂಡಿತ್ತು. ಬಿಡಿಸುವಾಗ ಯಾವುದೋ ಮಂತ್ರಿಯ ಮುಖದ ಅರ್ಧ ಬೆಲ್ಲಕ್ಕೇ ಉಳಿಯಿತು, ಅದನ್ನು ಉಗುರಿನಿಂದ ಕೆರೆದಳು. ಉಗುರು ಬಾಯಿಗೆ ಹೋಯಿತು. ಎಷ್ಟು ದಿನವಾಗಿತ್ತು. ಸಕ್ಕರೆ ಇಲ್ಲದೆ ಸಿಹಿ ಮಾಡುವುದೆಂದರೆ ಸಿಹಿ ಹಾಕುವ ಕೆಲಸವಲ್ಲ, ಕಹಿ ಮುಚ್ಚುವ ಕೆಲಸ. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಮೂರು ವರ್ಷ ಬಾಂಡ್ಲಿ ತಿಕ್ಕಿ ತಿಕ್ಕಿ ಕಲಿತದ್ದು. ಸ್ಟೀವಿಯಾದ ಪುಡಿ ನಾಲಿಗೆಯ ತುದಿಗೆ ಸಿಹಿ, ಗಂಟಲಿಗೆ ಇಳಿಯುವಾಗ ಬೇವು. ಇನ್ನೊಂದು ಬಿಳಿ ಹರಳಿನ ಪುಡಿ ಕಹಿಯಿಲ್ಲ, ಆದರೆ ಬಾಯೆಲ್ಲ ತಣ್ಣಗಾಗುತ್ತದೆ, ಮೊದಲ ಸಲ ಅದರಲ್ಲಿ ಪಾಯಸ ಮಾಡಿಕೊಟ್ಟಾಗ ಪದ್ಮಮ್ಮ, "ಪುದೀನ ಹಾಕಿದ್ದೀಯೇನೇ?" ಎಂದು ಕೇಳಿದ್ದರು. ಬೆಲ್ಲ ಬರೀ ಸಿಹಿಯಲ್ಲ. ಅದು ಬಣ್ಣ ಕೊಡುತ್ತದೆ, ಹೂರಣವನ್ನು ಹಿಡಿದಿಡುತ್ತದೆ, ಹೊಳಪು ತರುತ್ತದೆ. ಅದೊಂದನ್ನು ತೆಗೆದರೆ ಬೇಳೆ ಪುಡಿ ಪುಡಿಯಾಗಿ, ಲಟ್ಟಿಸಿದ ಕಡೆಯೆಲ್ಲ ಕಣಕ ಹರಿದು ಹೊರಗೆ ಬೀಳುತ್ತದೆ. ಬಣ್ಣಕ್ಕೆಂದು ರುಬ್ಬಿದ ಬೇಳೆಯನ್ನು ಸಣ್ಣ ಉರಿಯಲ್ಲಿ ಕೆಂಪಾಗುವ ತನಕ ಹುರಿಯುವುದನ್ನು ಅವಳೇ ಕಂಡುಕೊಂಡಳು, ಹಿಡಿತಕ್ಕೆ ಬಾದಾಮಿ ಪುಡಿ, ಗಂಟಲ ಕಹಿಗೆ ಒಣಗಿಸಿ ಪುಡಿ ಮಾಡಿದ ಕಿತ್ತಳೆ ಸಿಪ್ಪೆ, ಜಾಯಿಕಾಯಿ, ಚಿಟಿಕೆ ಉಪ್ಪು. ಕಾಶಿಯ ಕನ್ನಡದವರು ಯುಗಾದಿಗೆ ಸೇರಿದಾಗ ನಲವತ್ತು ಜನಕ್ಕೆ ಮಾಡಿಕೊಂಡು ಹೋಗಿದ್ದಳು. ಸಕ್ಕರೆ ಇಲ್ಲ ಅಂದ್ರೆ ನಂಬೋಕೇ ಆಗಲ್ಲ ರೀ ಎಂದು ರೈಲ್ವೆಯವರ ಹೆಂಡಂದಿರು, ಪೋಸ್ಟಾಫೀಸಿನವರು, ಕೈಹಿಡಿದು ಕೇಳಿ ಬರೆದುಕೊಂಡರು. ಅಲ್ಲಿಯವರೆಗೆ ಅವಳು ಹರ್ಷನ ಹೆಂಡತಿ, ಪದ್ಮಮ್ಮನ ಸೊಸೆ. ಅವತ್ತಿನಿಂದ ಶುಗರಿನವರಿಗೆ ಸಿಹಿ ಮಾಡುವ ರೋಹಿಣಿ. ನಲವತ್ತಾರನೇ ವಯಸ್ಸಿಗೆ ಬಂದ ಹೆಸರು, ಬಿಟ್ಟುಕೊಡುವುದು ಸುಲಭವಲ್ಲ.

ಆ ಹೆಸರಿನ ಬುಡದಲ್ಲೇ ಒಂದು ಸುಳ್ಳಿತ್ತು ಎನ್ನುವುದೂ ಅವಳಿಗೆ ನೆನಪಿದೆ. ಶುರುವಿನಲ್ಲಿ ಪದ್ಮಮ್ಮ ಸಕ್ಕರೆ ಇಲ್ಲದ್ದನ್ನು ಮುಟ್ಟುತ್ತಲೇ ಇರಲಿಲ್ಲ. ಕಾಶಿಗೆ ಬಂದವರು ತಮಗೆ ಇಷ್ಟವಾದದ್ದೊಂದನ್ನು ಗಂಗೆಯಲ್ಲಿ ಬಿಟ್ಟು, ಜೀವಮಾನದಲ್ಲಿ ಅದನ್ನು ಮತ್ತೆ ತಿನ್ನಬಾರದು. ಸಿಹಿ ಬಿಡಿ ಅಮ್ಮ, ಎರಡೂ ಕೆಲಸ ಆಗುತ್ತೆ ಎಂದು ಹರ್ಷ ಹೇಳಿದರೆ, ಅವರು ಮೊಣಕಾಲುದ್ದ ನೀರಿನಲ್ಲಿ ನಿಂತು, ಹಾಗಲಕಾಯಿ ಬಿಟ್ಟೆ ಎಂದು ಮೂರು ಸಲ ಹೇಳಿ ಮುಳುಗಿ ಎದ್ದರು. ಹಾಗಲಕಾಯಿ ಕಂಡರೆ ಹುಟ್ಟಿದಾಗಿನಿಂದ ಆಗದವರು. ತಿಂಗಳು ಕಳೆದು ಡಾಕ್ಟರು ಕರೇಲಾ ತಿನ್ನಿ ಮಾತಾಜಿ ಎಂದಾಗ, "ಗಂಗೆಗೆ ಮಾತು ಕೊಟ್ಟಿದ್ದೀನಿ" ಎಂದು ಕನ್ನಡದಲ್ಲೇ ಕೈ ಮುಗಿದರು. ಅಂಥವರಿಗೆ ಸಿಹಿಪುಡಿ ಹಾಕಿ, ಸಕ್ಕರೆ ಸ್ವಲ್ಪವೇ ಹಾಕಿದ್ದೇನೆ ಎಂದು ಆರು ತಿಂಗಳು ನಂಬಿಸಿದಳು. ಅಕ್ಕಿಡಬ್ಬದ ಹಿಂದೆ ಪುಡಿಯ ಡಬ್ಬಿ ಅವರ ಕೈಗೆ ಸಿಕ್ಕಿತು. ಎರಡು ದಿನ ಏನೂ ಹೇಳಲಿಲ್ಲ. ಮೂರನೇ ದಿನ ಊರಿನಿಂದ ಯಾತ್ರೆಗೆ ಬಂದ ನೆಂಟರು ಹತ್ತು ಜನ ಕೂತಿದ್ದಾಗ, ಅವಳು ಕಾಫಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಾಗ, "ನಮ್ಮ ಸೊಸೆ ಭಾಳ ಜಾಣೆ ಕಣಮ್ಮ. ಆರು ತಿಂಗಳು ಔಷಧಿ ತಿನ್ನಿಸಿ ಒಬ್ಬಟ್ಟು ಅಂದಳು. ನಾನು ಉಂಡೆ" ಎಂದರು. ಎಲ್ಲರೂ ನಕ್ಕರು. ಅವಳೂ ನಕ್ಕಳು. ಮಾರನೆಯ ದಿನದಿಂದ ಅವಳು ಏನು ಕೊಟ್ಟರೂ ಪದ್ಮಮ್ಮ ಮೊದಲು ಮೂಸಿ, ಆಮೇಲೆ ಅವಳ ಮುಖ ನೋಡಿ, ಆಮೇಲೆ ತಿನ್ನುವ ರೂಢಿ ಮಾಡಿಕೊಂಡರು. ತಿನ್ನುವುದನ್ನಂತೂ ಬಿಡಲಿಲ್ಲ.

ಪುಡಿ ಮಾಡಿದ ಬೆಲ್ಲವನ್ನು ಬೇಳೆಯ ಮೇಲೆ ಸುರಿದು ಒಲೆ ಹಚ್ಚಿದಳು. ಎರಡು ನಿಮಿಷಕ್ಕೆ ಬೆಲ್ಲ ಕರಗಿ, ಬೇಳೆ ತಾನಾಗಿ ಕೆಂಪಾಗಿ, ತಾನಾಗಿ ಒಂದಾಗಿ, ಸೌಟಿಗೆ ಸುತ್ತಿಕೊಂಡು ಬಂತು. ಮೂರು ವರ್ಷ ಅವಳು ಬೆವರು ಸುರಿಸಿ ಮಾಡಿದ್ದನ್ನು ಬೆಲ್ಲ ಅವಳ ಕಣ್ಣೆದುರೇ ಎರಡು ನಿಮಿಷದಲ್ಲಿ ಮಾಡಿ ಮುಗಿಸಿತು. ಬೆಲ್ಲ ಇದ್ದರೆ ಯಾರು ಬೇಕಾದರೂ ಅಡುಗೆಯವರೇ. ವಾಸನೆ ಒಳಕೋಣೆಗೆ ಹೋಗುತ್ತಿರಬೇಕು. ಅಲ್ಲಿಂದ ಕೆಮ್ಮು ಕೇಳಿತು, ಮತ್ತೆ ಮಂಚ ಕಿರುಗುಟ್ಟಿತು. ಎದ್ದು ಕೂತರು ಎಂದುಕೊಂಡಳು. ಅವತ್ತೂ ಹೀಗೇ ಮಂಚ ಕಿರುಗುಟ್ಟಿತ್ತು. ಕಾಶಿಗೆ ಬಂದ ಮೊದಲ ಶ್ರಾವಣ. ಬಾಲ್ಕನಿಯಿಂದ ಹಗ್ಗಕ್ಕೆ ಬುಟ್ಟಿ ಕಟ್ಟಿ ಇಳಿಬಿಟ್ಟು, ಕೆಳಗಿನ ಮಿಠಾಯಿಯವನಿಂದ ಪಾಕದಲ್ಲಿ ಅದ್ದಿದ ಲವಂಗಲತಾ ಎರಡು ದಿನ ತರಿಸಿಕೊಂಡು ತಿಂದಿದ್ದರು ಎನ್ನುವುದು ಆಮೇಲೆ ದೊನ್ನೆಗಳು ಹಾಸಿಗೆಯ ಕೆಳಗೆ ಸಿಕ್ಕಾಗ ಗೊತ್ತಾದದ್ದು. ಅವಳು ಹೋಗಿ ನೋಡಿದಾಗ ಪದ್ಮಮ್ಮನ ಕಣ್ಣು ಅರ್ಧ ತೆರೆದಿತ್ತು, ಉಸಿರಿಗೆ ಕೊಳೆತ ಹಣ್ಣಿನ ವಾಸನೆ, ಅತ್ತೆ ಅತ್ತೆ ಎಂದರೆ ಉತ್ತರವಿಲ್ಲ. ನೋಡಿದ ತಕ್ಷಣ ಫೋನ್ ಮಾಡಿದೆ ಎಂದು ಹರ್ಷನಿಗೆ, ಡಾಕ್ಟರಿಗೆ, ಅಕ್ಕಪಕ್ಕದವರಿಗೆ, ಊರಿನವರಿಗೆ ಎಲ್ಲರಿಗೂ ಹೇಳಿದ್ದಾಳೆ. ನೋಡಿದ ತಕ್ಷಣ ಅವಳು ಅಡುಗೆಮನೆಗೆ ಬಂದಳು. ಒಲೆ ಆರಿಸಿದಳು. ಕಟ್ಟೆ ಒರೆಸಿದಳು. ಈ ತುದಿಯಿಂದ ಆ ತುದಿಗೆ ಒರೆಸಿ, ಮೂಲೆಯಲ್ಲಿ ಒಣಗಿದ ಸಾರಿನ ಕಲೆಯೊಂದನ್ನು ಉಗುರಿನಿಂದ ಕೆರೆದು, ಬಟ್ಟೆ ಜಾಲಿಸಿ ಹಿಂಡಿ ತಂತಿಯ ಮೇಲೆ ಹರವಿದಳು. ಆಮೇಲೆ ಫೋನು. ಐದು ನಿಮಿಷವೋ ಹತ್ತೋ. ಆ ಹೊತ್ತಿನಲ್ಲಿ ಏನು ಯೋಚಿಸಿದಳೆಂದು ಯಾರಾದರೂ ಕೇಳಿದ್ದರೆ ಏನೂ ಇಲ್ಲ ಎಂದೇ ಹೇಳಬೇಕಿತ್ತು, ಯಾಕೆಂದರೆ ಏನೂ ಇರಲಿಲ್ಲ, ತುಂಬಾ ಹಗುರಾಗಿತ್ತು. ಆ ಹಗುರವೇ ಅವಳನ್ನು ಈ ಮೂರು ವರ್ಷ ನಿದ್ದೆಯಿಂದ ಎಬ್ಬಿಸಿದ್ದು. ಆಟೊದಲ್ಲಿ ಅರೆಪ್ರಜ್ಞೆಯಲ್ಲೇ ಪದ್ಮಮ್ಮ, ಅಸ್ಸಿ ದಾಟಿಸಬೇಡಿ, ದಾಟಿಸಬೇಡಿ ಎಂದು ಕನವರಿಸಿದರು. ದಾಟಿಸಿದರು, ಬದುಕಿಸಿದರು. ಸೊಸೆ ಸಮಯಕ್ಕೆ ಸರಿಯಾಗಿ ಕರೆತಂದಳು ಎಂದು ಡಾಕ್ಟರು ಹೊಗಳಿದರು. ಮಾರನೆಯ ವಾರ ಅವಳು ಮೊದಲ ಸಿಹಿಪುಡಿಯ ಡಬ್ಬಿ ತಂದಳು.

ಹೋದ ಬುಧವಾರ ಅದೇ ಡಾಕ್ಟರು ಹೊಸ ರಿಪೋರ್ಟು ನೋಡಿ, ಕನ್ನಡಕ ತೆಗೆದು, "ಮಾತಾಜಿ ತೋ ಸೌ ಸಾಲ್ ಜಿಯೇಂಗೀ" ಎಂದರು. ನೂರು ವರ್ಷ. ಸೊಸೆ ಅಂದರೆ ಹೀಗಿರಬೇಕು ಎಂದೂ ಸೇರಿಸಿದರು. ಪದ್ಮಮ್ಮನಿಗೆ ಹಿಂದಿ ಅಷ್ಟಕ್ಕಷ್ಟೇ, ಸೌ ಸಾಲ್ ಅಂತೂ ಅರ್ಥವಾಯಿತು. ತೀರ್ಪು ಕೇಳಿದವರ ಹಾಗೆ ಮುಖ ಮಾಡಿಕೊಂಡು ಕೂತರು, ಮನೆಗೆ ಬಂದು ಸೆರಗು ಬಾಯಿಗಿಟ್ಟುಕೊಂಡು ಅತ್ತರು. ಸಂತೋಷಕ್ಕೆ ಅಳ್ತಿದ್ದಾರೆ ಎಂದ ಹರ್ಷ.

ರುಬ್ಬಿಟ್ಟ ಹೂರಣ ಆರಿತ್ತು. ಅವಳು ಉಂಡೆ ಕಟ್ಟಿ, ಕಣಕದಲ್ಲಿ ತುಂಬಿ, ಬಾಳೆಲೆಯ ಮೇಲೆ ತಟ್ಟಿ, ಕಾವಲಿಗೆ ಹಾಕಿದಳು. ಒಂದೂ ಹರಿಯಲಿಲ್ಲ. ತುಪ್ಪ ಬಿಟ್ಟಾಗ ಅಂಚು ಉಬ್ಬಿ ಬಂತು. ಒಂಬತ್ತಾದವು. ಅವಳಿಗೆ ಸಂತೋಷವೇ ಆಯಿತು, ಅದನ್ನು ಯಾಕೆ ಮುಚ್ಚಿಡಬೇಕು. ಯಾರನ್ನಾದರೂ ಸಾಯಿಸಲು ಮಾಡಿದ ಅಡುಗೆ ಇಷ್ಟು ಚೆನ್ನಾಗಿ ಬರಬಾರದಿತ್ತು.

ತಟ್ಟೆಯ ಜೊತೆಗೇ ಅವಳು ಇನ್ಸುಲಿನ್ ಪೆನ್ನನ್ನೂ ತಂದದ್ದು ನೋಡಿ ಪದ್ಮಮ್ಮ ಹುಬ್ಬು ಗಂಟಿಕ್ಕಿದರು. "ಬೇಡ ಅಂದಿದ್ನಲ್ಲ."

"ಇವತ್ತೊಂದು ದಿನ ಹಾಕಿಬಿಡ್ತೀನಿ ಅತ್ತೆ. ಅವರು ಸಂಜೆ ಬಂದು ಪೆನ್ನು ನೋಡ್ತಾರೆ. ಔಷಧಿ ಹಾಗೇ ಇದ್ರೆ ಗೊತ್ತಾಗಿಬಿಡುತ್ತೆ. ನಾಳೆಯಿಂದ ಬಚ್ಚಲಿಗೆ ಚೆಲ್ಲಿದ್ರಾಯ್ತು."

ಹರ್ಷ ಯಾವತ್ತೂ ಪೆನ್ನು ನೋಡಿದವನಲ್ಲ. ಅದು ಯಾವ ಡಬ್ಬಿಯಲ್ಲಿದೆಯೆಂದೂ ಅವನಿಗೆ ಗೊತ್ತಿಲ್ಲ. ಪದ್ಮಮ್ಮ ಅವಳ ಮುಖವನ್ನು ಒಂದು ಗಳಿಗೆ ನೋಡಿ, ಹಾಳಾಗಲಿ ಎನ್ನುವ ಹಾಗೆ ಸೀರೆ ಸರಿಸಿ ಹೊಟ್ಟೆ ಕೊಟ್ಟರು. ಸುಕ್ಕುಬಿದ್ದ ಆ ಹೊಟ್ಟೆಯ ಮೇಲೆ ಮೂರು ವರ್ಷದ ಸೂಜಿಗಳ ಸಣ್ಣ ಸಣ್ಣ ನೀಲಿ ಗುರುತು, ಎಲ್ಲವೂ ಅವಳ ಕೈಯವು. ದಿನವೂ ಊಟಕ್ಕೆ ಮುಂಚೆ ಹನ್ನೆರಡು ಯೂನಿಟ್ಟು. ಅವಳು ಪೆನ್ನಿನ ಹಿಂಬದಿ ತಿರುಗಿಸಿದಳು. ಹನ್ನೆರಡು ಬಂತು. ಬೆರಳು ನಿಲ್ಲಲಿಲ್ಲ. ಹದಿಮೂರು, ಹದಿನಾಲ್ಕು, ಅವಳು ನೋಡುತ್ತಲೇ ಇದ್ದಳು, ಹದಿನೆಂಟಕ್ಕೆ ಬಂದು ನಿಂತಿತು. ಎರಡು ಒಬ್ಬಟ್ಟಿಗೆ ಎಷ್ಟು ಬೇಕೋ ಅಷ್ಟು. ಲೆಕ್ಕ ಹಾಕಿದ್ದು ಯಾವಾಗ ಎಂದು ಅವಳಿಗೇ ತಿಳಿಯಲಿಲ್ಲ. ಸೂಜಿ ಚುಚ್ಚಿ, ಒತ್ತಿ, ಹತ್ತು ಎಣಿಸಿ ತೆಗೆದಳು. ಬೇಕೆಂದೇ ಮಾಡಿದ್ದಾದರೆ ಅದು ಕರುಣೆ ಎನ್ನಬಹುದಿತ್ತು, ಮರೆತು ಮಾಡಿದ್ದಾದರೆ ಅಭ್ಯಾಸ ಎನ್ನಬಹುದಿತ್ತು. ಎರಡೂ ಅಲ್ಲ. ಈ ಕೈ ಸಾಯಿಸುವುದಕ್ಕೂ ಪೂರ್ತಿ ಒಪ್ಪುವುದಿಲ್ಲ, ಬದುಕಿಸುವುದಕ್ಕೂ ಪೂರ್ತಿ ಒಪ್ಪುವುದಿಲ್ಲ, ನಡುವೆ ಕಟ್ಟೆ ಒರೆಸುತ್ತ ನಿಲ್ಲುತ್ತದೆ ಎಂದು ಅವಳಿಗೆ ಅಸಹ್ಯವಾಯಿತು.

ಪದ್ಮಮ್ಮ ಒಬ್ಬಟ್ಟನ್ನು ಮೂಸಲಿಲ್ಲ. ಇವತ್ತು ಅವಳ ಮುಖವನ್ನೂ ನೋಡಲಿಲ್ಲ. ಕಣ್ಣುಮುಚ್ಚಿ, ಕೈಮುಗಿದು, ಏನೋ ಹೇಳಿಕೊಂಡು, ಒಂದು ತುಂಡು ಮುರಿದು ತುಪ್ಪದಲ್ಲಿ ಅದ್ದಿ ಬಾಯಿಗಿಟ್ಟರು. ಹಲ್ಲಿಲ್ಲದ ಬಾಯಿ ನಿಧಾನವಾಗಿ ಆಡಿತು. ರೋಹಿಣಿ ಮಂಚದ ಕಾಲು ಹಿಡಿದು ನೆಲದ ಮೇಲೆ ಕೂತಿದ್ದಳು. ಮೂರು ವರ್ಷದಿಂದ ಈ ಮುಖದಲ್ಲಿ ಅವಳು ಕಾದದ್ದು ಒಂದೇ, ನಿಜವಾದ ಸಿಹಿ ತಿಂದ ಮುಖ; ಅದನ್ನು ಇವತ್ತಾದರೂ ನೋಡಬಹುದೆಂದು ಅವಳಿಗೆ ಆಸೆಯಾಗಿತ್ತು. ಎಂಥ ಆಸೆ. ಎರಡನೇ ತುಂಡು ಹೋಯಿತು, ಮೂರನೆಯದು. ಒಂದು ಒಬ್ಬಟ್ಟು ಮುಗಿಯಿತು, ಇನ್ನೊಂದರಲ್ಲಿ ಅರ್ಧ. ಆಮೇಲೆ ಬಾಯಿ ನಿಂತಿತು. ಪದ್ಮಮ್ಮ ನಾಲಿಗೆಯನ್ನು ಅಂಗುಳಕ್ಕೆ ಒತ್ತಿ, ಏನನ್ನೋ ಹುಡುಕುವವರ ಹಾಗೆ ಸ್ವಲ್ಪ ಹೊತ್ತು ಕೂತು, ಉಳಿದ ಅರ್ಧವನ್ನು ತಟ್ಟೆಯ ಅಂಚಿಗೆ ಇಟ್ಟುಬಿಟ್ಟರು.

"ಇದೂ ಅದೇ" ಎಂದರು.

"ಅಲ್ಲ ಅತ್ತೆ. ಬೆಲ್ಲದ್ದು."

"ಬೆಲ್ಲ ಹಾಕಿದವಳು ಕಿತ್ತಳೆ ಸಿಪ್ಪೆ ಯಾಕೆ ಹಾಕ್ತಾಳೆ?"

ರೋಹಿಣಿ ಆ ಅರ್ಧ ಒಬ್ಬಟ್ಟನ್ನು ಎತ್ತಿ ಮೂಸಿದಳು. ಹಾಕಿದ್ದಳು. ಒಲೆ ಆರಿಸುವಾಗ, ಅವತ್ತಿನ ಕಟ್ಟೆಯನ್ನು ನೆನೆಯುತ್ತಾ, ಕೈ ತಾನಾಗಿ ಆ ಪುಟ್ಟ ಡಬ್ಬಿ ತೆಗೆದು ಎರಡು ಚಿಟಿಕೆ ಹಾಕಿತ್ತು. ಜಾಯಿಕಾಯಿ ತೇದಿತ್ತು. ಉಪ್ಪನ್ನೂ ಹಾಕಿತ್ತು. ಮುಚ್ಚುವುದಕ್ಕೆ ಕಹಿಯೇ ಇಲ್ಲದ ಕಡೆ ಮೂರು ವರ್ಷ ಕಲಿತ ಮುಚ್ಚುವ ವಿದ್ಯೆಯನ್ನೆಲ್ಲ ಸುರಿದಿದ್ದಳು. "ಅಭ್ಯಾಸ ಬಲದಿಂದ ಬಿತ್ತು ಅತ್ತೆ. ಆದ್ರೆ ಬೆಲ್ಲಾನೂ ಹಾಕಿದ್ದೀನಿ. ಬೇಕಾದ್ರೆ ಮಿಕ್ಕಿದ್ದು ತೋರಿಸ್ತೀನಿ, ಪೇಪರು ತೋರಿಸ್ತೀನಿ" ಎಂದಳು. ತನ್ನ ದನಿ ಗೋಗರೆಯುತ್ತಿರುವುದು ಅವಳಿಗೆ ಕೇಳಿಸಿತು. ಬೆಲ್ಲ ಹಾಕಿದ್ದೇನೆ ನಂಬಿ ಎಂದು ಬೇಡಿಕೊಳ್ಳುವ ಸ್ಥಿತಿ ಬಂದೀತೆಂದು ಯಾರು ಅಂದುಕೊಂಡಿದ್ದರು.

"ಪೇಪರು ತೋರಿಸ್ತಾಳಂತೆ. ಹಾಗಲಕಾಯಿಗೆ ಬೇವಿನಕಾಯಿ ಸಾಕ್ಷಿ." ಪದ್ಮಮ್ಮ ಕೈಯನ್ನು ಒದ್ದೆ ಬಟ್ಟೆಗೆ ಒರೆಸಿಕೊಂಡರು. "ತಂದಿದ್ದೀಯ, ಇಲ್ಲ ಅನ್ನಲ್ಲ. ಮುಚ್ಚಿಟ್ಟಿದ್ದೀಯ. ಎರಡು ಗಂಟೆ ಬಿಟ್ಟು ಆ ಶುಗರ್ ಮಿಷನ್ನು ತಾ. ಅದು ಹೇಳಲಿ."

ಎರಡು ಗಂಟೆ. ತಿಂದದ್ದು ಒಂದೂವರೆ ಒಬ್ಬಟ್ಟು, ಹಾಕಿದ್ದು ಹದಿನೆಂಟು ಯೂನಿಟ್ಟು. ಎರಡು ತಿನ್ನುತ್ತಾರೆಂದು, ಆಮೇಲೆ ಅನ್ನವನ್ನೂ ಉಣ್ಣುತ್ತಾರೆಂದು ಕೈ ಹಾಕಿದ ಲೆಕ್ಕ. ಅನ್ನ ಬೇಡವೆಂದು ಅವರು ಗೋಡೆಗೆ ತಿರುಗಿ ಮಲಗಿಬಿಟ್ಟಿದ್ದರು. ಸಕ್ಕರೆ ಏರಿ ಅಲ್ಲ, ಇಳಿದೇ ಹೋಗಿಬಿಟ್ಟರೆ? ಹರ್ಷನ ಕಾಫಿಯ ಸಕ್ಕರೆಯನ್ನು ಅವಳು ಬೀರುವಿನಲ್ಲಿ ಸೀರೆಗಳ ನಡುವೆ ಬಚ್ಚಿಡುತ್ತಿದ್ದಳು. ಆ ಡಬ್ಬಿಯನ್ನೂ ಚಮಚವನ್ನೂ ತಂದುಕೊಂಡು ಮಂಚದ ಪಕ್ಕ ಕೂತಳು. ಮಾರ್ಚಿನ ಬಿಸಿಲು ಬಾಲ್ಕನಿ ದಾಟಿ ಒಳಗೆ ಬಂದಿತ್ತು. ಪದ್ಮಮ್ಮನ ಕತ್ತಿನ ಮೇಲೆ ಬೆವರು ಕಂಡರೆ ಅದು ಬಿಸಿಲಿನದೋ ಇಳಿದ ಸಕ್ಕರೆಯದೋ ಎಂದು ಬಗ್ಗಿ ನೋಡುತ್ತಿದ್ದಳು, ಬೆರಳು ಅದುರಿದರೆ ಚಮಚ ತುಂಬುತ್ತಿದ್ದಳು, ಮತ್ತೆ ಡಬ್ಬಿಗೆ ಸುರಿಯುತ್ತಿದ್ದಳು. ಬೆಳಿಗ್ಗೆ ಸಾಯಲಿ ಎಂದು ಬೆಲ್ಲ ತಂದವಳು ಮಧ್ಯಾಹ್ನ ಬದುಕಲಿ ಎಂದು ಸಕ್ಕರೆ ಹಿಡಿದು ಕೂತಿದ್ದಾಳೆ. ಇದನ್ನು ಯಾರಿಗಾದರೂ ಹೇಳಿದರೆ ನಗುತ್ತಾರೆ. ಪ್ರೀತಿಯೇ ಇದ್ದಿದ್ದರೆ ಹೇಳುವುದಕ್ಕೆ ಒಂದು ಮಾತಾದರೂ ಇರುತ್ತಿತ್ತು, ದ್ವೇಷವಿದ್ದಿದ್ದರೂ ಇರುತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಎರಡೂ ಒಂದರೊಳಗೊಂದು ಕಲಸಿ ಗಟ್ಟಿಯಾಗಿ, ಬರೀ ಜವಾಬ್ದಾರಿ ಎಂಬುದೊಂದು ಉಳಿದಿತ್ತು. ಅದರ ರುಚಿ ಅವಳಿಗೆ ಚೆನ್ನಾಗಿ ಗೊತ್ತು, ಗಂಟಲಿಗೆ ಇಳಿಯುವಾಗ ತಿಳಿಯುವ ರುಚಿ.

ಮೂರು ಗಂಟೆಗೆ ಪದ್ಮಮ್ಮ ತಾವಾಗಿಯೇ ಎದ್ದು ಬೆರಳು ಚಾಚಿದರು. ರಕ್ತದ ಹನಿ ಪಟ್ಟಿಗೆ ತಾಗಿತು. ಯಂತ್ರ ಐದು ಎಣಿಸಿ ನೂರಾ ಹದಿನೆಂಟು ಎಂದು ತೋರಿಸಿತು. ರೋಹಿಣಿ ಹೇಳಿದ್ದನ್ನು ಅವರು ನಂಬಲಿಲ್ಲ, ಯಂತ್ರವನ್ನು ಕಸಿದುಕೊಂಡು ಕಿಟಕಿಯ ಬೆಳಕಿಗೆ ಹಿಡಿದು ತಾವೇ ಒಂದೊಂದೇ ಅಂಕಿ ಓದಿದರು. "ನೋಡು" ಎಂದರು. ಮುಖದಲ್ಲಿ ಒಂದು ಗಳಿಗೆ ಗೆದ್ದವರ ಕಳೆ ಬಂತು. "ಬೆಲ್ಲ ತಿಂದವಳಿಗೆ ನೂರಾ ಹದಿನೆಂಟಾ? ನನ್ನ ನಾಲಿಗೆ ಇನ್ನೂ ಸತ್ತಿಲ್ಲ ರೋಹಿಣಿ."

ಒಂದು ಮಾತು ಸಾಕಿತ್ತು. ಆರು ಯೂನಿಟ್ಟು ಜಾಸ್ತಿ ಹಾಕಿದ್ದೆ ಅತ್ತೆ. ಅಷ್ಟು ಹೇಳಿದರೆ ಬೆಲ್ಲ ನಿಜವಾಗುತ್ತದೆ, ಅವಳ ಮಾತು ನಿಜವಾಗುತ್ತದೆ, ಮೂರು ವರ್ಷದಲ್ಲಿ ಒಂದು ದಿನವಾದರೂ ಅವಳು ಸತ್ಯವಂತೆಯಾಗುತ್ತಾಳೆ. ಅಡುಗೆಮನೆಯ ಡಬ್ಬಿಯಲ್ಲಿ ಇನ್ನೂ ಏಳು ಒಬ್ಬಟ್ಟಿವೆ. ನಾಳೆಗೆ ಬೆಲ್ಲವಿದೆ, ಶನಿವಾರದವರೆಗೆ ದಿನಗಳಿವೆ, ಮತ್ತು ಈ ಮುದುಕಿ ನಂಬಿದರೆ ಹಟ ಹಿಡಿದು ಒಂದನ್ನೂ ಬಿಡದೆ ತಿನ್ನುತ್ತಾರೆ, ಸೂಜಿಯನ್ನು ಅವಳ ಕೈಯಿಂದ ಕಿತ್ತು ಎಸೆಯುತ್ತಾರೆ. ಕೇಳಿದ್ದು ಅವರಿಗೆ ಸಿಗಬಹುದು. ಬಾಯಿ ತೆರೆದರೆ ಸಾಕು. ಪದ್ಮಮ್ಮ ಅವಳ ಮುಖವನ್ನೇ ನೋಡುತ್ತಿದ್ದರು, ಬಯ್ಯುವವರ ಹಾಗಲ್ಲ, ಏನಾದರೂ ಹೇಳಲಿ ಎಂದು ಕಾಯುವವರ ಹಾಗೆ. ಆ ಕಣ್ಣಿನಲ್ಲಿ ಇನ್ನೂ ಒಂದಿಷ್ಟು ಆಸೆ ಉಳಿದಿತ್ತು ಎನ್ನುವುದನ್ನು ರೋಹಿಣಿ ನೋಡಿದಳು. ನೋಡಬಾರದಿತ್ತು.

"ಹೌದು ಅತ್ತೆ" ಎಂದಳು. "ಬೆಲ್ಲ ಹಾಕಿಲ್ಲ."

ಅವರು ಬಯ್ಯಲಿಲ್ಲ. ಯಂತ್ರವನ್ನು ಅದರ ಚೀಲದೊಳಗೆ ಇಟ್ಟು, ಜಿಪ್ಪು ಎಳೆಯಲು ಬಾರದೆ ಹಾಗೇ ಅವಳ ಕೈಗೆ ಕೊಟ್ಟರು. "ನಿನ್ನನ್ನ ಕೇಳಿದ್ದು ನನ್ನ ತಪ್ಪು" ಎಂದರು. ಕೆಳಗೆ ಗಲ್ಲಿಯಲ್ಲಿ ಯಾರನ್ನೋ ಹೊತ್ತುಕೊಂಡು ಹರಿಶ್ಚಂದ್ರ ಘಾಟಿನ ಕಡೆ ಹೋದರು, ರಾಮನಾಮ ಹತ್ತಿರ ಬಂದು ದೂರವಾಯಿತು. ಪದ್ಮಮ್ಮ ಅದು ಪೂರ್ತಿ ಕೇಳದಾಗುವ ತನಕ ಕಿವಿಗೊಟ್ಟು ಕೂತಿದ್ದು, ಆಮೇಲೆ ಕೇಳಿದರು:

"ಭಾನುವಾರ ಗಾಡಿ ಎಷ್ಟೊತ್ತಿಗೆ?"

"ಮಧ್ಯಾಹ್ನ ಅತ್ತೆ. ಮೊಗಲ್‌ಸರಾಯಿಗೆ ಹೋಗಿ ಹತ್ತಬೇಕು."

"ಹಾಗಾದ್ರೆ ಗಂಗೆ ದಾಟಬೇಕು."

"ಹೌದು. ಟ್ಯಾಕ್ಸಿ ಹೇಳಿದಾರೆ. ಸೇತುವೆ ಮೇಲೆ ಹೋಗುತ್ತೆ."

ಪದ್ಮಮ್ಮ ಕಾಲು ಚಾಚಿ ಮಲಗಿ ಹೊದಿಕೆಯನ್ನು ಎದೆಯ ತನಕ ಎಳೆದುಕೊಂಡರು. "ನಾನು ಕಣ್ಣುಮುಚ್ಚಿಕೊಂಡಿರ್ತೀನಿ. ಸೇತುವೆ ಬಂತು ಅಂತ ನನಗೆ ಹೇಳಬೇಡ."

"ಹೇಳಲ್ಲ ಅತ್ತೆ" ಎಂದಳು ರೋಹಿಣಿ.